ಕೊಡಗಿಗೆ ಹೊಸದಾಗಿ ಕೆಲಸಕ್ಕೆ ಬಂದಿದ್ದೇನೆ, ನಾಲ್ಕು ಜನರ ಮುಂದೆ ಬಾಯಿ ಕಟ್ಟುತ್ತದೆ

ಬಯಲುಸೀಮೆ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯವಳು, ವಯಸ್ಸು 24. ಗ್ರಾಮ ಆಡಳಿತ ಅಧಿಕಾರಿಯಾಗಿ ಮಡಿಕೇರಿ ತಾಲ್ಲೂಕಿಗೆ ಬಂದು ಎರಡು ತಿಂಗಳಾಯಿತು. ಊರಿನಲ್ಲಾಗಲಿ ಕಾಲೇಜಿನಲ್ಲಾಗಲಿ ನನ್ನನ್ನು ಅಂಜುಬುರುಕಿ ಎಂದವರಿಲ್ಲ. ಇಲ್ಲಿಗೆ ಬಂದ ಮೇಲೆ ನಾಲ್ಕು ಜನ ಸೇರಿದ ಕಡೆ ಗಂಟಲು ಒಣಗುತ್ತದೆ, ಹೇಳಬೇಕೆಂದುಕೊಂಡ ಮಾತು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ.

ಮೊದಲ ವಾರ ಅರ್ಜಿಗಳ ಪಟ್ಟಿ ಹಿಡಿದು ಒಂದು ಹೆಸರು ಕರೆದೆ. ಮೂವರು ಒಟ್ಟಿಗೆ ಎದ್ದು ಬಂದರು. ಇಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಕರೆದದ್ದು ಮನೆತನವನ್ನು. ಹಿಂದೆ ಕುಳಿತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಎಲ್ಲರಿಗೂ ಕೇಳುವಂತೆ ನಕ್ಕರು. ಇನ್ನೊಂದು ದಿನ ಮಳೆಗೆ ಗೋಡೆ ಬಿದ್ದ ಮನೆಗೆ ಮಹಜರಿಗೆ ಹೋಗಿದ್ದೆ. ಮನೆಯವರು ತಮ್ಮ ತಮ್ಮಲ್ಲಿ ಕೊಡವ ತಕ್ಕ್‌ನಲ್ಲಿ ಮಾತಾಡಿಕೊಂಡರು. ಅದು ನನ್ನ ವಿಷಯವೇ ಇರಬೇಕು ಎನಿಸಿ ಕೈಯಲ್ಲಿದ್ದ ಪೆನ್ನು ಜಾರಿತು. ಕೊಟ್ಟ ಬೆಲ್ಲದ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದು ಬಂದೆ. ಮೊನ್ನೆ ಒಬ್ಬ ಹಿರಿಯರು, 'ಜಮ್ಮಾ ಬಾಣೆಗೆ ಪೌತಿ ಖಾತೆ ಹೇಗೆ ಮಾಡಿಕೊಡುತ್ತೀರಮ್ಮ?' ಎಂದು ಕೇಳಿದರು. ಜಮ್ಮಾ ಬಾಣೆ ಇಲ್ಲಿಯ ಒಂದು ಬಗೆಯ ಜಮೀನು; ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು ಪೌತಿ ಖಾತೆ. ಉತ್ತರ ಬರಲಿಲ್ಲ. 'ನೋಡೋಣ' ಎಂದೆ. ಅವರು ಬೇಸರದಿಂದ ಹೋದರು.

ಈಗ ಎರಡು ಸಂಗತಿಗಳು ಎದುರಿಗಿವೆ. ನವೆಂಬರ್‌ನಲ್ಲಿ ಊರ ಸಮುದಾಯ ಭವನದಲ್ಲಿ ಪೌತಿ ಖಾತೆಯ ಸಭೆ. ಏನೇನು ದಾಖಲೆ ಬೇಕು ಎಂದು ನಾನೇ ನಿಂತು ಹೇಳಬೇಕು. ಇನ್ನೊಂದು, ಬಾಡಿಗೆ ಮನೆಯ ಅವ್ವ ಸುಗ್ಗಿಯ ಹಬ್ಬ ಪುತ್ತರಿಗೆ ತಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಕರೆದಿದ್ದಾರೆ. ನಾನು ಮಾಂಸ ತಿನ್ನುವುದಿಲ್ಲ, ಅಲ್ಲಿ ಯಾರ ಪರಿಚಯವೂ ಇಲ್ಲ. ಏನು ನೆಪ ಹೇಳಿ ತಪ್ಪಿಸಿಕೊಳ್ಳಲಿ ಎಂದೇ ಯೋಚಿಸುತ್ತಿದ್ದೇನೆ.

ಎಲ್ಲರೂ 'ಧೈರ್ಯವಾಗಿರು' ಎನ್ನುತ್ತಾರೆ. ಅದನ್ನು ಎಲ್ಲಿಂದ ತರುವುದು ಎಂದು ಯಾರೂ ಹೇಳುವುದಿಲ್ಲ.

ತೋಟದ ರೈಟರ್

ತಂಗಿ, ನಾನು ಸಿದ್ದಾಪುರ ಕಡೆಯ ಕಾಫಿ ತೋಟಗಳಲ್ಲಿ ರೈಟರ್ ಆಗಿ, ಅಂದರೆ ಹಾಜರಿ ಲೆಕ್ಕ ಬರೆಯುವವನಾಗಿ, 31 ವರ್ಷ ಕೆಲಸ ಮಾಡಿದವನು. ಮೂಲ ಊರು ಅರಕಲಗೂಡು. ಬಂದಾಗ ನನಗೆ 22 ವರ್ಷ. ಬೆಳಿಗ್ಗೆ ಹಾಜರಿ ಕರೆಯುವುದು ಮೊದಲ ಕೆಲಸ. ಲೈನ್‌ಮನೆಗಳಿಂದ (ಕೂಲಿಯವರ ಸಾಲುಮನೆಗಳಿಂದ) ಎಂಬತ್ತು ಜನ ಬಂದು ಸಾಲಾಗಿ ನಿಲ್ಲುತ್ತಿದ್ದರು. ಒಬ್ಬರದು ತಮಿಳು, ಒಬ್ಬರದು ಮಲಯಾಳ, ಬುಡಕಟ್ಟಿನವರಾದ ಯರವರದು ಅವರದೇ ಮಾತು. ಹಾಜರಿ ಪುಸ್ತಕ ಹಿಡಿದ ಕೈ ನಡುಗುವುದು ಅವರಿಗೆ ಕಾಣಬಾರದೆಂದು ಪುಸ್ತಕವನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದೆ.

ಆಗ ನನ್ನನ್ನು ಕಾಪಾಡಿದ್ದು ತಕ್ಕಡಿ. ಹಣ್ಣು ಕುಯ್ಯುವ ಕಾಲದಲ್ಲಿ ಸಂಜೆ ನಾಲ್ಕರ ಮೇಲೆ ಪ್ರತಿಯೊಬ್ಬರ ಚೀಲವನ್ನೂ ತೂಗಬೇಕು. ಚೀಲ ಕೊಕ್ಕೆಗೆ ಹಾಕಿದಾಗ ಮುಳ್ಳು ನಿಲ್ಲುವವರೆಗೆ ಕೆಲವು ಕ್ಷಣ ಇಬ್ಬರೂ ಸುಮ್ಮನೆ ನಿಂತಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದೆ. ಮೊದಲ ದಿನ ಹೆಸರು. ಮರುದಿನ, 'ಇವತ್ತು ಯಾವ ಬ್ಲಾಕಿನಲ್ಲಿ ಕುಯ್ದಿರಿ?' ಅದರ ಮರುದಿನ, 'ಮಗುವಿಗೆ ಜ್ವರ ಬಿಟ್ಟಿತೇ?' ಹೆಸರನ್ನು ಅವರು ಹೇಳಿದಂತೆಯೇ ಎರಡು ಸಲ ಉಚ್ಚರಿಸಿ ಬರೆದುಕೊಳ್ಳುತ್ತಿದ್ದೆ. ತಪ್ಪಿದರೆ ಅವರೇ ತಿದ್ದುತ್ತಿದ್ದರು. ತಿದ್ದಿದವರು ಮರುದಿನದಿಂದ ನನ್ನ ಕಡೆಯವರಾಗುತ್ತಿದ್ದರು. ಆ ಸುಗ್ಗಿ ಮುಗಿದು ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಮಳೆ ಬೀಳುವ ಹೊತ್ತಿಗೆ ಪುಸ್ತಕ ನೋಡದೆ ಹಾಜರಿ ಕರೆಯುತ್ತಿದ್ದೆ.

ಎಂಬತ್ತು ಜನರ ಮುಂದೆ ನಿಲ್ಲುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ. ಬಂದದ್ದು ಒಬ್ಬರ ಮುಂದೆ ನಿಲ್ಲುವ ಧೈರ್ಯ, ಅದೂ ಎಂಬತ್ತು ಸಲ. ಸಭೆಗೆ ಇನ್ನೂ ಸಮಯವಿದೆ. ಬರುವ ಜನರಲ್ಲಿ ಹತ್ತು ಮಂದಿಯನ್ನಾದರೂ ಅವರ ಮನೆಯಂಗಳದಲ್ಲಿ ಮೊದಲೇ ಕಂಡು ಬನ್ನಿ. ಸಭೆಯ ದಿನ ಆ ಹತ್ತು ಮುಖಗಳನ್ನು ನೋಡಿಕೊಂಡು ಮಾತಾಡಬಹುದು.

ಕುಶಾಲನಗರ_27

ನನ್ನ ಅನುಭವ ಬೇರೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿ, ಎದೆಯೆತ್ತಿ ನಡೆಯಿರಿ, ದನಿ ಏರಿಸಿ ಮಾತಾಡಿ. ಗೊತ್ತಿಲ್ಲದಿದ್ದರೂ ಗೊತ್ತಿರುವಂತೆ ಹೇಳಿದರೆ ಎದುರಿನವರು ನಂಬುತ್ತಾರೆ. ಮಾರಾಟದ ಕೆಲಸದಲ್ಲಿ ನಾನು ಹೀಗೇ ಬೆಳೆದೆ.

ನಿವೃತ್ತ ಕಂದಾಯ ನೌಕರ

ಕುಶಾಲನಗರದವರ ಮಾತಿನ ಮೊದಲರ್ಧ ಒಪ್ಪುತ್ತೇನೆ, ಉಳಿದರ್ಧವನ್ನು ದಯವಿಟ್ಟು ಈ ಹುಡುಗಿ ಕೇಳಬಾರದು. ಕಂದಾಯ ಇಲಾಖೆಯಲ್ಲಿ ಗೊತ್ತಿರುವಂತೆ ನಟಿಸಿ ಹೇಳಿದ ಒಂದು ಮಾತನ್ನು ನಂಬಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿದ್ದೇನೆ.

ಮಗಳೇ, ಜಮ್ಮಾ ಗೊತ್ತಿಲ್ಲದಿರುವುದು ತಪ್ಪಲ್ಲ, ಬಯಲುಸೀಮೆಯಲ್ಲಿ ಅದು ಇಲ್ಲವೇ ಇಲ್ಲ. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಿಂದ ಬಂದ, ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಸೇರಿದ ಹಿಡುವಳಿ ಅದು. 1834ರಲ್ಲಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೂ ಮುಂದುವರಿಯಿತು. ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗವೇ ಬಾಣೆ. ದನ ಮೇಯಿಸಲು, ಸೌದೆಗೆ, ಗದ್ದೆಯ ಸೊಪ್ಪುಗೊಬ್ಬರಕ್ಕೆ ಎಂದು ಬಿಟ್ಟದ್ದು. ಈಗ ಬಹುಪಾಲು ಕಾಫಿ ತೋಟವಾಗಿದೆ. ಪಹಣಿಯಲ್ಲಿ ಕುಟುಂಬದ ಯಜಮಾನರಾದ ಪಟ್ಟೆದಾರರ ಹೆಸರು, ಜೊತೆಗೆ ಕುಟುಂಬದ ಹಲವರ ಹೆಸರುಗಳಿರುತ್ತವೆ. ಆದ್ದರಿಂದ ನಿಮ್ಮ ಊರಿನಲ್ಲಿ ಒಂದು ಪುಟದಲ್ಲಿ ಮುಗಿಯುವ ವಂಶವೃಕ್ಷ ಇಲ್ಲಿ ನಾಲ್ಕು ಪುಟ ಹಿಡಿಯುತ್ತದೆ. ಇದನ್ನು ಕಲಿಯಲು ನನಗೇ ಎರಡು ವರ್ಷ ಬೇಕಾಯಿತು.

'ನೋಡೋಣ' ಎಂಬ ಮಾತನ್ನು ಬಿಟ್ಟುಬಿಡಿ. ಸರ್ಕಾರಿ ಮೇಜಿನ ಹಿಂದಿನಿಂದ ಬರುವ 'ನೋಡೋಣ' ಜನರ ಕಿವಿಗೆ 'ಆಗುವುದಿಲ್ಲ' ಎಂದೇ ಕೇಳಿಸುತ್ತದೆ. ಬದಲಿಗೆ ಹೀಗೆ ಹೇಳಿ: 'ಇದು ನನಗೆ ಈಗ ಗೊತ್ತಿಲ್ಲ. ವಿಚಾರಿಸಿ ಶುಕ್ರವಾರ ಹನ್ನೊಂದು ಗಂಟೆಗೆ ಹೇಳುತ್ತೇನೆ.' ಅವರೆದುರೇ ಡೈರಿಯಲ್ಲಿ ಬರೆದುಕೊಳ್ಳಿ. ಶುಕ್ರವಾರ ಹನ್ನೊಂದಕ್ಕೆ ಉತ್ತರ ಸಿದ್ಧವಿರಲಿ. ಸಿಕ್ಕಿರದಿದ್ದರೆ, ಇನ್ನೂ ಸಿಕ್ಕಿಲ್ಲ ಎಂದು ಹೇಳಲಾದರೂ ನೀವು ಅಲ್ಲಿರಬೇಕು. ಹೀಗೆ ಮೂರು ಶುಕ್ರವಾರ ಕಳೆದರೆ ಜನರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ. ಆಮೇಲೆ ನಿಮಗೂ ಬರುತ್ತದೆ. ಆ ಹಿರಿಯರ ಮನೆಗೆ ನೀವೇ ಹೋಗಿ ಈ ಮಾತನ್ನು ಹೇಳಿ ಬನ್ನಿ, ಮೊದಲು ಅದು ಆಗಲಿ.

ಆಪ್ತ ಸಮಾಲೋಚಕಿ, ಮಡಿಕೇರಿ

ಕಾಲೇಜು ಮಕ್ಕಳೊಂದಿಗೆ ಕೆಲಸ ಮಾಡುತ್ತೇನೆ, ಆ ಅನುಭವದಿಂದ ಎರಡು ಮಾತು.

ಮೊದಲನೆಯದು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಭಾವನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಯೊಬ್ಬರಿಗೆ ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಜನ ಕುಳಿತಿದ್ದ ಕೋಣೆಗೆ ಕಳಿಸುವುದು. ಹೊರಗೆ ಬಂದ ಮೇಲೆ, ಎಷ್ಟು ಜನ ಚಿತ್ರವನ್ನು ಗುರುತಿಸಿರಬಹುದು ಎಂದು ಕೇಳುವುದು. ತೊಟ್ಟವರು ಸುಮಾರು ಅರ್ಧದಷ್ಟು ಜನ ಎಂದುಕೊಂಡಿದ್ದರು. ನಿಜವಾಗಿ ಗುರುತಿಸಿದವರು ಸುಮಾರು ಕಾಲು ಭಾಗ. ನಿಮ್ಮ ಪೆನ್ನು ಜಾರಿದ್ದನ್ನು ಆ ಮನೆಯವರು ಗಮನಿಸಿರಲಿಕ್ಕಿಲ್ಲ. ಬಿದ್ದ ಗೋಡೆಯ ಚಿಂತೆಯಲ್ಲಿದ್ದವರಿಗೆ ನಿಮ್ಮ ಪೆನ್ನು ಎಲ್ಲಿ ಕಾಣುತ್ತದೆ?

ಎರಡನೆಯದು, ರೈಟರ್ ಅವರು ತಕ್ಕಡಿಯ ಕಥೆಯಲ್ಲಿ ಹೇಳಿದ್ದನ್ನೇ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಿಂದ ಬರೆಯುತ್ತಾ ಬಂದರು. ನನ್ನಿಂದ ಇದಾಗುತ್ತದೆ ಎಂಬ ನಂಬಿಕೆಗೆ ಅತಿ ಗಟ್ಟಿಯಾದ ಆಧಾರ ಯಾರದೋ ಹೊಗಳಿಕೆಯಲ್ಲ, ನಾವೇ ಮಾಡಿ ಮುಗಿಸಿದ ಕೆಲಸ. ನಮ್ಮಂಥವರೇ ಮಾಡುವುದನ್ನು ಕಣ್ಣಾರೆ ನೋಡುವುದು ಅದರ ನಂತರದ್ದು. ನಿಮ್ಮ ಸಭೆಗೆ ಮೊದಲು ಬೇರೊಂದು ಊರಿನಲ್ಲಿ ಇಂಥದೇ ಸಭೆ ನಡೆದರೆ ಹಿಂದಿನ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳಿ.

ಎದೆ ಹೊಡೆದುಕೊಂಡಾಗ ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಐದಾರು ಸಲ. ಇದರಿಂದ ಅಂಜಿಕೆ ಹೋಗುವುದಿಲ್ಲ, ಮಾತು ಶುರುವಾಗುವಷ್ಟು ಇಳಿಯುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಂಜಿಕೆಯಿಂದ ಕೆಲಸಕ್ಕೆ ಹೋಗುವುದೇ ನಿಂತರೆ, ತಿಂಗಳುಗಟ್ಟಲೆ ನಿದ್ದೆ ಊಟ ಕೆಟ್ಟರೆ, ಜನರನ್ನು ಪೂರ್ತಿ ತಪ್ಪಿಸತೊಡಗಿದರೆ ಅದು ಬರಿಯ ಸಂಕೋಚವಲ್ಲ, ಚಿಕಿತ್ಸೆಯಿರುವ ಕಾಯಿಲೆ. 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಐನ್‌ಮನೆ ಸೊಸೆ

ತಂಗಿ, ಮಹಜರಿನ ದಿನ ಆ ಮನೆಯವರು ಏನು ಮಾತಾಡಿಕೊಂಡಿರಬಹುದು ಎಂದು ನಾನು ಹೇಳಲೇ? 'ಹುಡುಗಿ ಮಳೆಯಲ್ಲಿ ನೆನೆದು ಬಂದಿದ್ದಾಳೆ, ಕಾಫಿ ಮಾಡಿದ್ದೀಯಾ?' ನಮ್ಮ ಮನೆಯಲ್ಲಿ ಯಾರಾದರೂ ಬಂದಾಗ ಒಳಗೂ ಹೊರಗೂ ಓಡಾಡುವ ಮಾತು ಅದೇ. ತಕ್ಕ್ ನಮಗೆ ಅಡುಗೆಮನೆಯ ಮಾತು, ತಾನಾಗಿ ಬಾಯಿಗೆ ಬರುತ್ತದೆ. ನಿಮ್ಮನ್ನು ಹೊರಗಿಡಲೆಂದು ಆಡುವುದಲ್ಲ. ಹಾಗೆಂದು ನಮ್ಮ ತಪ್ಪೇನೂ ಇಲ್ಲ ಎನ್ನಲಾರೆ. ಎದುರಿಗೆ ಕುಳಿತವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡಿದರೆ ಅವರಿಗೆ ಹೇಗಾಗುತ್ತದೆ ಎಂದು ನಿಮ್ಮ ಪತ್ರ ಓದಿದ ಮೇಲೆಯೇ ನನಗೆ ಹೊಳೆಯಿತು. ಇನ್ನು ಮುಂದೆ ಎಚ್ಚರ ವಹಿಸುತ್ತೇನೆ.

ಪುತ್ತರಿಗೆ ಹೋಗಿ. ನೆಪ ಹೇಳಬೇಡಿ. ಮಾಂಸ ತಿನ್ನುವುದಿಲ್ಲ ಎಂದು ಆ ಅವ್ವನಿಗೆ ಇವತ್ತೇ ಹೇಳಿ. ಊಟಕ್ಕೆ ಕುಳಿತ ಮೇಲೆ ಹೇಳಿದರೆ ಅವರಿಗೆ ಸಂಕಟ. ಮೊದಲೇ ಹೇಳಿದರೆ ಅದು ಬರಿಯ ಒಂದು ವಿಷಯ, ಅಷ್ಟೆ. ನಮ್ಮಲ್ಲಿ ನೂಪುಟ್ಟು, ಕಡುಂಬುಟ್ಟು, ಪಾಪುಟ್ಟು ಎಲ್ಲವೂ ಅಕ್ಕಿಯವೇ. ತರಕಾರಿಯ ಪಲ್ಯವೋ ಕಾಯಿಹಾಲೋ ಜೊತೆಗಿದ್ದರೆ ಹೊಟ್ಟೆ ತುಂಬುತ್ತದೆ.

ಇನ್ನೊಂದು ಗುಟ್ಟು. ಕರೆದ ಹೊತ್ತಿಗೆ ಹೋಗಬೇಡಿ, ಎರಡು ಗಂಟೆ ಮೊದಲೇ ಹೋಗಿ. ಎಲ್ಲರೂ ಸೇರಿದ ಮೇಲೆ ಒಳಗೆ ಕಾಲಿಟ್ಟರೆ ಮೂವತ್ತು ಜನ ತಿರುಗಿ ನೋಡುತ್ತಾರೆ. ಮೊದಲೇ ಹೋದರೆ ಅಡುಗೆಮನೆಯಲ್ಲಿ ನಾಲ್ಕು ಹೆಂಗಸರು, ರಾಶಿ ಕೆಲಸ. ತಂಬುಟ್ಟಿಗೆ ಬಾಳೆಹಣ್ಣು ಸುಲಿದು ಕಿವುಚಬೇಕು, ಹುರಿದ ಅಕ್ಕಿಯ ಹಿಟ್ಟು ಕಲಸಬೇಕು. ನೆರೆ ಕಟ್ಟಲು, ಅಂದರೆ ಹಬ್ಬಕ್ಕೆ ಕಟ್ಟುವ ಎಲೆಗಳ ಕಟ್ಟಿಗೆ, ಎಲೆಗಳನ್ನು ಜೋಡಿಸಿಡಬೇಕು. 'ನನಗೇನಾದರೂ ಕೆಲಸ ಕೊಡಿ' ಎಂದು ಕುಳಿತುಬಿಡಿ. ಕೈ ಕೆಲಸದಲ್ಲಿದ್ದರೆ ಕಣ್ಣನ್ನು ಎಲ್ಲಿ ಇಡಲಿ, ಏನು ಮಾತಾಡಲಿ ಎಂಬ ಕಷ್ಟವೇ ಇಲ್ಲ. ಆಮೇಲೆ ಬಂದವರಿಗೆ ನೀವು ಮನೆಯೊಳಗಿನವರಾಗಿ ಕಾಣುತ್ತೀರಿ. ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದು ನಮ್ಮ ಪದ್ಧತಿ. ಹೇಗೆಂದು ತಿಳಿಯದಿದ್ದರೆ ಪಕ್ಕದ ಮಕ್ಕಳು ಮಾಡುವುದನ್ನು ನೋಡಿ ಮಾಡಿ.

ಬೇರೆ ಊರಿನಿಂದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ ನಾನೂ ಬಾಳೆಹಣ್ಣು ಸುಲಿಯುತ್ತಲೇ ಎಲ್ಲರ ಹೆಸರು ಕಲಿತದ್ದು.

ಸ್ಕೋರ್ ಟೇಬಲ್

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಸೋಮವಾರಪೇಟೆಯವನು, ಹಾಕಿ ಆಡಿದವನೇ ಅಲ್ಲ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಗೆಳೆಯನೊಬ್ಬ ಕರೆದೊಯ್ದ. 360 ತಂಡಗಳು, ಜಾತ್ರೆಯಂತೆ ಜನ. ಒಂದು ಮೂಲೆಯಲ್ಲಿ ನಿಂತಿದ್ದೆ. ಗೋಲು ಬರೆದುಕೊಳ್ಳುವವರು ಊಟಕ್ಕೆ ಹೋಗಬೇಕಿತ್ತು, ಪುಸ್ತಕ ನನ್ನ ಕೈಗೆ ಬಂತು. ಸಂಜೆಯ ಹೊತ್ತಿಗೆ ಆಟಗಾರರೇ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ ಲೆಕ್ಕ ಕೇಳುತ್ತಿದ್ದರು. ಮರುದಿನ ಕರೆಯದೆಯೇ ಹೋದೆ.

ತಿತಿಮತಿ ಹಾಡಿ

ಇಷ್ಟು ಹೊತ್ತು ಓದಿದೆ. ಒಂದು ಮಾತು ಬಿಟ್ಟುಹೋಗಿದೆ ಎನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಯರವರ ಹುಡುಗ, ತಿತಿಮತಿ ಕಡೆಯ ಹಾಡಿಯವನು, ಹಾಡಿ ಎಂದರೆ ನಮ್ಮ ಬುಡಕಟ್ಟಿನವರ ಕೇರಿ. ಆಶ್ರಮ ಶಾಲೆಯಲ್ಲಿ ಓದಿ, ಪ್ರಯೋಗಾಲಯ ತಂತ್ರಜ್ಞನ ಕೋರ್ಸ್ ಮುಗಿಸಿ ಮೈಸೂರಿನ ಒಂದು ಆಸ್ಪತ್ರೆಗೆ ಸೇರಿದೆ. ಅಲ್ಲಿ ಕೆಲವರು ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, 'ಕಾಡಿನವನು' ಎನ್ನುತ್ತಿದ್ದರು. ಚಹಾ ವಿರಾಮದಲ್ಲಿ ನಾನು ಹೋಗಿ ಕುಳಿತರೆ ಮಾತು ನಿಲ್ಲುತ್ತಿತ್ತು. ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎಂದು ನನಗೂ ತುಂಬಾ ಜನ ಹೇಳಿದ್ದಾರೆ. ನನ್ನಲ್ಲಿ ಅದು ಕಡಿಮೆ ಇರಲಿಲ್ಲ. ಆನೆ ಓಡಾಡುವ ದಾರಿಯಲ್ಲಿ ಶಾಲೆಗೆ ನಡೆದುಹೋದವನು ನಾನು. ಅಂಜಿಕೆ ನಮ್ಮೊಳಗೇ ಹುಟ್ಟುತ್ತದೆ ಎಂದು ಎಲ್ಲರೂ ಬರೆದಿದ್ದೀರಿ. ಕೆಲವು ಸಲ ಅದನ್ನು ಕೊಟ್ಟವರು ಎದುರಿನ ಕುರ್ಚಿಯಲ್ಲೇ ಕುಳಿತಿರುತ್ತಾರೆ. ನಿಮ್ಮನ್ನು ನೋಡಿ ನಕ್ಕ ಆ ಹಿರಿಯ ಸಹೋದ್ಯೋಗಿಯ ಬಗ್ಗೆ ಇಲ್ಲಿ ಯಾರೂ ಒಂದು ಮಾತೂ ಬರೆಯಲಿಲ್ಲ.

ನನ್ನ ದಿನಗಳು ಬದಲಾದದ್ದು ಒಬ್ಬ ಹಿರಿಯ ನರ್ಸ್‌ನಿಂದ. ಹೊಸ ವೈದ್ಯರು ಬಂದ ದಿನ ಅವರು ನನ್ನ ಪೂರ್ತಿ ಹೆಸರು ಹೇಳಿ, 'ಮಕ್ಕಳಿಗೆ ರಕ್ತ ತೆಗೆಯಬೇಕಾದರೆ ಇವರನ್ನೇ ಕರೆಯಿರಿ, ಇವರ ಕೈ ಹಗುರ' ಎಂದರು. ಎರಡೇ ವಾಕ್ಯ. ಮರುವಾರದಿಂದ ಮಕ್ಕಳ ವಾರ್ಡಿನಿಂದ ಹೆಸರು ಹಿಡಿದೇ ಕರೆ ಬರತೊಡಗಿತು.

ಮೇಡಂ, ನೀವು ಅಧಿಕಾರಿ. ನಿಮಗೆ ಈಗ ಹೊಸ ಜಾಗ, ಹೊಸ ಜನ, ನಿಜ. ಆದರೆ ನಿಮ್ಮ ಮೇಜಿನ ಮುಂದೆ ಕಾಗದ ಹಿಡಿದು ನಿಂತವರಿಗೂ ಗಂಟಲು ಒಣಗಿರುತ್ತದೆ. ನಮ್ಮ ಅಪ್ಪ ಒಂದು ಪ್ರಮಾಣಪತ್ರಕ್ಕಾಗಿ ಕಚೇರಿಯ ಬಾಗಿಲಲ್ಲಿ ಅರ್ಧ ದಿನ ನಿಂತು, ಏನೂ ಕೇಳದೆ ಹಾಡಿಗೆ ವಾಪಸಾದದ್ದು ನನಗೆ ನೆನಪಿದೆ. ಹಾಡಿಗೆ ಬಂದರೆ ಜೀಪಿನ ಪಕ್ಕ ನಿಂತು ಮಾತಾಡಬೇಡಿ, ಜಗಲಿಯ ಮೇಲೆ ಕುಳಿತುಕೊಳ್ಳಿ.

ಬಯಲುಸೀಮೆ

ತಿತಿಮತಿಯ ಅಣ್ಣ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ನನಗೆ ಅಂಜಿಕೆಯಾಗುತ್ತದೆ ಎಂದು ಅಳುತ್ತಾ ಕುಳಿತಿದ್ದವಳಿಗೆ ನನ್ನ ಮುಂದೆಯೂ ಜನ ಅಂಜುತ್ತಾರೆ ಎಂಬುದು ಒಂದು ದಿನವೂ ತೋರಲಿಲ್ಲ. ನನ್ನ ಮೇಜಿನ ಎದುರು ಕುರ್ಚಿಯೇ ಇರಲಿಲ್ಲ. ಇವತ್ತು ದಾಖಲೆ ಕೋಣೆಯಿಂದ ಎರಡು ಕುರ್ಚಿ ತಂದು ಹಾಕಿದೆ.

ಬಾಣೆಯ ಬಗ್ಗೆ ಕೇಳಿದ್ದ ಹಿರಿಯರ ಮನೆಗೆ ನಿನ್ನೆ ಸಂಜೆ ಹೋಗಿದ್ದೆ. 'ಅವತ್ತು ನನಗೆ ಗೊತ್ತಿರಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ, ಶುಕ್ರವಾರ ಹನ್ನೊಂದಕ್ಕೆ ಹೇಳುತ್ತೇನೆ' ಎಂದೆ. ಅವರು ತುಸು ಹೊತ್ತು ನನ್ನನ್ನೇ ನೋಡಿ, 'ಇಲ್ಲಿವರೆಗೆ ಬಂದು ಹೀಗೆ ಹೇಳಿದವರು ನೀವೇ' ಎಂದರು. ಈ ಸಲ ಕಾಫಿ ಪೂರ್ತಿ ಕುಡಿದೆ.

ಕುಶಾಲನಗರ_27

ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಮಾರಾಟದಲ್ಲಿ ಗಿರಾಕಿ ಒಂದು ಸಲ ಬಂದು ಹೋಗುತ್ತಾನೆ. ಇದು ದಿನ ಬೆಳಗಾದರೆ ಅದೇ ಜನರನ್ನು ಕಾಣಬೇಕಾದ ಕೆಲಸ ಎಂಬುದನ್ನು ನಾನು ಯೋಚಿಸಿರಲಿಲ್ಲ.

ನಿವೃತ್ತ ಕಂದಾಯ ನೌಕರ

ತಿತಿಮತಿಯವರು ಕೇಳಿದ್ದು ಸರಿ. ಹಿರಿಯರಾಗಿ ನಕ್ಕವರದು ತಪ್ಪು. ಹೊಸಬರು ಬಂದಾಗ ಮೊದಲ ದಿನವೇ ಹೆಸರುಗಳ ಪದ್ಧತಿ ತಿಳಿಸಿಕೊಡುವುದು ಅವರ ಕೆಲಸವಾಗಿತ್ತು. ನಾನೂ ಸೇವೆಯಲ್ಲಿದ್ದಾಗ ಎಲ್ಲ ಹೊಸಬರಿಗೂ ಅದನ್ನು ಮಾಡಲಿಲ್ಲ. ಈಗ ನೆನೆದರೆ ಬೇಸರವಾಗುತ್ತದೆ.

ಬಯಲುಸೀಮೆ

ಒಂದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಸಭೆಯೂ ಮುಗಿಯಿತು, ಪುತ್ತರಿಯೂ ಮುಗಿಯಿತು.

ಸಭೆಗೆ ಮೊದಲು ಹದಿನಾಲ್ಕು ಮನೆಗಳಿಗೆ ಹೋಗಿ ಬಂದಿದ್ದೆ. ಆದರೂ ವೇದಿಕೆಯ ಮೇಲೆ ನಿಂತಾಗ ಕಾಲು ನಡುಗಿತು. ಅದು ನಿಲ್ಲುತ್ತದೆ ಎಂದು ಕಾಯಲಿಲ್ಲ. ಉಸಿರು ನಿಧಾನವಾಗಿ ಬಿಟ್ಟು, 'ನಾನು ಗದಗದವಳು. ಇಲ್ಲಿಯ ಪದ್ಧತಿ ಕಲಿಯುತ್ತಿದ್ದೇನೆ, ತಪ್ಪಿದರೆ ತಿದ್ದಿ' ಎಂದು ಶುರು ಮಾಡಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್, ಪಹಣಿ ಎಂದು ಒಂದೊಂದನ್ನೇ ಕೈಯಲ್ಲಿ ಎತ್ತಿ ತೋರಿಸುತ್ತಾ ಹೇಳಿದೆ. ನಡುವೆ ಒಂದು ಮನೆತನದ ಹೆಸರನ್ನು ತಪ್ಪಾಗಿ ಉಚ್ಚರಿಸಿದೆ. ಎರಡನೆಯ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಸರಿಯಾಗಿ ಹೇಳಿಕೊಟ್ಟರು. ನಾನು ಎರಡು ಸಲ ಹೇಳಿದೆ. ಜನ ನಕ್ಕರು. ಆ ನಗು ನನಗೆ ನೋವು ಕೊಡಲಿಲ್ಲ. ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿರಲಿಲ್ಲ, ಮೂರಕ್ಕೂ ದಿನಾಂಕ ಕೊಟ್ಟು ಬಂದೆ.

ಪುತ್ತರಿಗೆ ಮಧ್ಯಾಹ್ನವೇ ಹೋದೆ. ಎರಡು ಗೊನೆ ಬಾಳೆಹಣ್ಣು ಸುಲಿದೆವು. ಬೆರಳ ಸಂದಿಯಲ್ಲೆಲ್ಲ ಅಂಟು. ರಾತ್ರಿ ಹುಣ್ಣಿಮೆಯ ಬೆಳಕಿನಲ್ಲಿ ಎಲ್ಲರೂ ಗದ್ದೆಗೆ ಇಳಿದರು. ಕದಿರು ಕೊಯ್ಯುವಾಗ 'ಪೊಲಿ ಪೊಲಿ ದೇವಾ' ಎಂದು ಕೂಗಿದರು. ಪದ್ಧತಿಯಂತೆ ಹಾರಿಸಿದ ಕೋವಿಯ ಸದ್ದಿಗೆ ಬೆಚ್ಚಿದ ನನ್ನ ಕೈಯನ್ನು ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಹಿಡಿದುಕೊಂಡಳು. ನಾನೂ ಕೂಗಿದೆ. ನಮ್ಮ ಕಡೆ ಸುಗ್ಗಿಯಲ್ಲಿ ಜೋಳದ ರಾಶಿಗೆ ಪೂಜೆ ಮಾಡುವಾಗ ಅಪ್ಪ ಕೂಗುವ 'ಹುಲಿಗ್ಯೋ ಹುಲಿಗ್ಯೋ' ನೆನಪಾಗಿ ಕಣ್ಣು ತುಂಬಿತು. ಊಟದ ಹೊತ್ತಿಗೆ ನನ್ನ ಎಲೆಗೆ ಬೇರೆ ಪಾತ್ರೆಯಿಂದ ಕುಂಬಳಕಾಯಿಯ ಪಲ್ಯ ಬಂತು. ಅವ್ವ ಯಾರಿಗೂ ಏನೂ ಹೇಳಿರಲಿಲ್ಲ, ಸುಮ್ಮನೆ ಮಾಡಿಟ್ಟಿದ್ದರು.

ನಮ್ಮ ಕಚೇರಿಗೆ ಕಲಬುರಗಿಯ ಒಬ್ಬ ಹುಡುಗ ಹೊಸದಾಗಿ ಬಂದಿದ್ದಾನೆ. ಮೊದಲ ದಿನವೇ ಅವನನ್ನು ಕೂರಿಸಿಕೊಂಡು ಮನೆತನದ ಹೆಸರು, ಸ್ವಂತ ಹೆಸರು ಎಂದು ಎರಡು ಗೆರೆ ಎಳೆದು ತೋರಿಸಿದೆ. ಬಾಣೆಯ ಹಿರಿಯರ ಮನೆಯಲ್ಲಿ ಸೋಮವಾರ ವಂಶವೃಕ್ಷದ ಕೆಲಸ, ಅವನನ್ನೂ ಕರೆದುಕೊಂಡು ಹೋಗುತ್ತೇನೆ. ಒಂದು ಹಾಳೆ ಸಾಲದು ಎಂದು ನಾಲ್ಕು ಹಾಳೆಗಳನ್ನು ಅಂಟಿಸಿ ಸುತ್ತಿಟ್ಟಿದ್ದೇನೆ.